ಜೀವವಿರುವುದು ಗುರಿಯಾಗಬಾರದು

ಕನ್ನಡದಲ್ಲಿ ‘ಗುರಿ’ ಎಂಬ ಎರಡಕ್ಷರದ ಪದ ಹೊರುವಷ್ಟು ಹೊರೆಯನ್ನು ಬೇರೆ ಪದಗಳು ಹೊರುವುದು ಕಡಿಮೆ. ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ಹಿರಿಯರು ಹೇಳುವಾಗ ಅದು ಬದುಕಿನ ಉದ್ದೇಶ. ಪತ್ರಿಕೆಯ ಕ್ರೀಡಾಪುಟದಲ್ಲಿ ಅದು ಎದುರಾಳಿಯು ಗಳಿಸಿಟ್ಟ ರನ್ನಿನ ಮೊತ್ತ; ಬ್ಯಾಟ್ ಹಿಡಿದವರು ಅದನ್ನು ‘ಬೆನ್ನಟ್ಟುತ್ತಾರೆ’. ಅದೇ ಪತ್ರಿಕೆಯ ವಿದೇಶ ಪುಟದಲ್ಲಿ ಅದು ಒಂದು ಊರು, ಒಂದು ಕಟ್ಟಡ, ಕೆಲವೊಮ್ಮೆ ಒಬ್ಬ ಮನುಷ್ಯ. ಅವನನ್ನು ‘ಗುರಿಯಾಗಿಸಿ’ ಕ್ಷಿಪಣಿ ಹಾರುತ್ತದೆ. ಓದುಗನು ಚಹಾ ಮುಗಿಯುವುದರೊಳಗೆ ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋಗಿರುತ್ತಾನೆ. ಪದ ಬದಲಾಗಿರುವುದಿಲ್ಲ. ಹಾಗಾಗಿ ಮನಸ್ಸೂ ಬದಲಾಗುವುದಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಆಟದ ‘ಗುರಿ’ಗೂ ಯುದ್ಧದ ‘ಗುರಿ’ಗೂ ನಡುವೆ ಒಂದು ಗಡಿ ಇದೆ. ಅದನ್ನು ಎಳೆದುಕೊಟ್ಟವರು ನಮ್ಮ ಪ್ರವಾದಿ(ಸ). ಈ ದಿನಗಳಲ್ಲಿ ಅದನ್ನು ಅಳಿಸುವ ಕೆಲಸ ದೊಡ್ಡವರಿಂದಲೂ ಚಿಕ್ಕವರಿಂದಲೂ, ಗಡಿಯ ಆಚೆಯವರಿಂದಲೂ ಈಚೆಯವರಿಂದಲೂ, ನಮ್ಮ ಮೊಹಲ್ಲಾಗಳ ಯುವಕರಿಂದಲೂ ಏಕಕಾಲದಲ್ಲಿ ನಡೆಯುತ್ತಿದೆ.

ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಪ್ರಸಂಗವಿದೆ. ಅಬ್ದುಲ್ಲಾಹ್ ಇಬ್ನು ಉಮರ್(ರ) ಹೋಗುತ್ತಿದ್ದ ದಾರಿಯಲ್ಲಿ ಕುರೈಶರ ಕೆಲವು ಹುಡುಗರು ಒಂದು ಹಕ್ಕಿಯನ್ನು ನಿಲ್ಲಿಸಿ ಅದಕ್ಕೆ ಬಾಣ ಬಿಡುವ ಆಟವಾಡುತ್ತಿದ್ದರು. ಹಕ್ಕಿಯ ಮಾಲೀಕನೊಂದಿಗೆ ಒಪ್ಪಂದವೂ ಆಗಿತ್ತು: ತಪ್ಪಿದ ಬಾಣಗಳೆಲ್ಲ ಅವನಿಗೆ. ಇಬ್ನು ಉಮರ್(ರ) ಬರುವುದನ್ನು ಕಂಡೊಡನೆ ಹುಡುಗರು ಚದುರಿದರು. ಇದನ್ನು ಮಾಡಿದವರು ಯಾರು ಎಂದು ಅವರು ಕೇಳಿದರು. ಜೀವವಿರುವ ಯಾವುದನ್ನೇ ಆಗಲಿ ಗುರಿಯಾಗಿ ಇಟ್ಟುಕೊಳ್ಳುವವರನ್ನು ಪ್ರವಾದಿ(ಸ) ಶಪಿಸಿದ್ದಾರೆ ಎಂದು ನೆನಪಿಸಿದರು.

ಈ ಹದೀಸ್‌ನ್ನು ಮದ್ರಸಗಳಲ್ಲಿ ಪ್ರಾಣಿದಯೆಯ ಅಧ್ಯಾಯದಲ್ಲಿ ಓದಿಸಿ ಮುಂದಕ್ಕೆ ಹೋಗುವುದು ವಾಡಿಕೆ. ಅದು ಪ್ರಾಣಿದಯೆಯ ಪಾಠವೂ ಹೌದು. ಆದರೆ ಅಲ್ಲಿ ಬಳಕೆಯಾಗಿರುವ ಅರಬೀ ಪದದ ಮೇಲೆ ಸ್ವಲ್ಪ ನಿಲ್ಲಬೇಕು: ‘ಗರದ್’. ಬಾಣ ತಾಗಲೆಂದು ನೆಟ್ಟ ಗುರುತು ಎಂಬುದು ಅದರ ಮೂಲಾರ್ಥ. ಅಲ್ಲಿಂದ ಅದು ಉದ್ದೇಶ ಎಂಬ ಅರ್ಥಕ್ಕೆ ಬೆಳೆಯಿತು, ಫಾರಸಿ ಉರ್ದುಗಳಲ್ಲಿ ‘ಗರಝ್’ ಆಗಿ ಸ್ವಾರ್ಥ, ಅಗತ್ಯ ಎಂಬ ಅರ್ಥಗಳನ್ನು ಪಡೆಯಿತು, ಕೊನೆಗೆ ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಮಾತಿಗೆ ‘ಗರಜು’ ಆಗಿ ಬಂದು ಸೇರಿತು. ‘ನನಗೇನು ಗರಜು ಬಿದ್ದಿದೆ’ ಎನ್ನುವ ಧಾರವಾಡದ ಅಜ್ಜಿಗೆ ತಾನು ಬಿಲ್ಲುಗಾರರ ಪದವನ್ನು ಆಡುತ್ತಿದ್ದೇನೆಂಬ ಅರಿವು ಇರಬೇಕಾಗಿಲ್ಲ. ಕನ್ನಡದ ‘ಗುರಿ’ಯೂ ಅರಬಿಯ ‘ಗರದ್’ ಕೂಡ ಬೇರೆ ಬೇರೆ ಬೇರುಗಳಿಂದ ಹುಟ್ಟಿ ಒಂದೇ ದಾರಿಯಲ್ಲಿ ನಡೆದಿವೆ: ಮೊದಲು ಬಾಣದ ಗುರುತು, ಆಮೇಲೆ ಬಾಳಿನ ಉದ್ದೇಶ. ಎರಡು ಭಾಷೆಗಳನ್ನೂ ಓದಿದವರಿಗೆ ಇದೊಂದು ಸಂತೋಷ.

ಇಸ್ಲಾಮ್ ಆಟಕ್ಕೆ ವಿರೋಧಿ ಎಂದು ಇಷ್ಟರಲ್ಲೇ ಯಾರಾದರೂ ತೀರ್ಮಾನಿಸಿದ್ದರೆ ಅದು ಅವಸರ. ಪ್ರವಾದಿ(ಸ)ಯವರ ಕಾಲದಲ್ಲಿ ಕುದುರೆ ಓಟ ನಡೆಯುತ್ತಿತ್ತು, ಸ್ವತಃ ಅವರೇ ಅದನ್ನು ಏರ್ಪಡಿಸಿದ್ದರು. ಈದ್‌ನ ದಿನ ಅಬಿಸೀನಿಯದವರು ಮಸೀದಿಯಲ್ಲಿಯೇ ಗುರಾಣಿ ಈಟಿಗಳ ಆಟವಾಡಿದರು, ಪ್ರವಾದಿ(ಸ) ಆಯಿಶಾ(ರ)ರಿಗೆ ಅದನ್ನು ತೋರಿಸಿದರು. ಬಿಲ್ವಿದ್ಯೆಯ ಬಗೆಗಂತೂ ಪ್ರೋತ್ಸಾಹದ ವಚನಗಳು ಹಲವು. ಅವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಬುಖಾರಿಯಲ್ಲಿರುವ ಅಸ್ಲಮ್ ಗೋತ್ರದವರ ಪ್ರಸಂಗ. ಅವರು ಎರಡು ತಂಡವಾಗಿ ಬಾಣ ಬಿಡುತ್ತಿದ್ದರು. ಪ್ರವಾದಿ(ಸ) ಬಂದರು, ಅವರ ಮೂಲಪುರುಷ ಇಸ್ಮಾಈಲ್(ಅ) ಬಿಲ್ಲುಗಾರರಾಗಿದ್ದುದನ್ನು ನೆನಪಿಸಿ ಹುರಿದುಂಬಿಸಿದರು, ತಾವು ಇಂಥ ತಂಡದ ಕಡೆ ಎಂದೂ ಹೇಳಿದರು. ಎದುರು ತಂಡದವರು ಕೈ ತಡೆದು ನಿಂತರು. ಏಕೆ ನಿಲ್ಲಿಸಿದಿರಿ ಎಂದು ಕೇಳಿದಾಗ, ತಾವು ಅವರ ಕಡೆ ಇರುವಾಗ ನಾವು ಹೇಗೆ ಬಾಣ ಬಿಡುವುದು ಎಂದರು. ಆಗ ಪ್ರವಾದಿ(ಸ) ತಾವು ಎಲ್ಲರ ಕಡೆಯವರು, ಆಟ ಮುಂದುವರಿಯಲಿ ಎಂದರು. ಆಟದಲ್ಲಿ ಪಕ್ಷ ವಹಿಸಬಹುದು. ಪಕ್ಷ ವಹಿಸಿದ್ದರಿಂದ ಎದುರಿನವನ ಕೈ ನಡುಗುವುದಾದರೆ ಪಕ್ಷವನ್ನೇ ಬಿಟ್ಟುಬಿಡಬಹುದು. ಯುದ್ಧದಲ್ಲಿ ಅಂಥ ಬಿಡುಗಡೆ ಇಲ್ಲ.

ಬಿಲ್ಲು ಅದೇ, ಬಾಣ ಅದೇ, ಗುರಿ ಎಂಬ ಪದವೂ ಅದೇ. ಅಸ್ಲಮ್ ಗೋತ್ರದವರಿಗೆ ಪ್ರೋತ್ಸಾಹ, ಕುರೈಶರ ಹುಡುಗರಿಗೆ ಶಾಪ. ವ್ಯತ್ಯಾಸ ಇದ್ದುದು ಬಾಣದ ತುದಿಯಲ್ಲಿ ಏನಿದೆ ಎಂಬುದರಲ್ಲಿ. ಆಟದ ಗುರಿಗೆ ನೋವಾಗುವುದಿಲ್ಲ. ಮರದ ಹಲಗೆ, ಬಲೆ ಕಟ್ಟಿದ ಎರಡು ಕಂಬ, ಮೂರು ವಿಕೆಟ್ಟು, 280 ಎಂಬ ಒಂದು ಸಂಖ್ಯೆ: ಇವುಗಳಿಗೆ ತಾಯಿ ಇಲ್ಲ. ‘ಗುರಿ’ ಎಂಬ ಪದ ಕೇಳಿದಾಗ ನಮ್ಮ ಮನಸ್ಸಿಗೆ ಕಳವಳವಾಗದೆ ಉತ್ಸಾಹವಾಗುವುದಕ್ಕೆ ಕಾರಣವೇ ಇದು. ಯುದ್ಧ ಮಾಡುವವರು ಆ ಪದವನ್ನು ಎತ್ತಿಕೊಳ್ಳುವಾಗ ಅದರ ಜೊತೆಗೆ ಈ ನಿರ್ದೋಷಿ ಉತ್ಸಾಹವನ್ನೂ ಎತ್ತಿಕೊಂಡು ಹೋಗುತ್ತಾರೆ.

ಇದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಏಷ್ಯಾ ಕಪ್ ಕ್ರಿಕೆಟ್ ನಡೆಯಿತು. ಅದೇ ವರ್ಷದ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಹತ್ಯಾಕಾಂಡ ನಡೆದಿತ್ತು. ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಕ್ಷಿಪಣಿ, ಡ್ರೋನುಗಳು ಹಾರಿದ್ದವು. ಸೆಪ್ಟೆಂಬರ್ 21ರ ಪಂದ್ಯದಲ್ಲಿ ಪಾಕಿಸ್ತಾನದ ಸಾಹಿಬ್‌ಝಾದಾ ಫರ್ಹಾನ್ ಅರ್ಧಶತಕ ಹೊಡೆದು ಬ್ಯಾಟನ್ನು ಬಂದೂಕಿನಂತೆ ಹಿಡಿದು ಗುಂಡು ಹಾರಿಸುವ ಅಭಿನಯ ಮಾಡಿದರು. ಅದೊಂದು ಸಂಭ್ರಮವಷ್ಟೇ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಸೆಪ್ಟೆಂಬರ್ 28ರಂದು ಭಾರತ ಅಂತಿಮ ಪಂದ್ಯ ಗೆದ್ದಾಗ ನಮ್ಮ ದೇಶದ ಪ್ರಧಾನಿಯವರು ಆ ಗೆಲುವನ್ನು ಮೇ ತಿಂಗಳ ಸೇನಾ ಕಾರ್ಯಾಚರಣೆಯ ಹೆಸರಿನಿಂದಲೇ ಕರೆದು, ಆಟದ ಮೈದಾನದಲ್ಲೂ ಫಲಿತಾಂಶ ಅದೇ ಎಂದು ಸಾಮಾಜಿಕ ಜಾಲತಾಣದಲ್ಲಿ ಬರೆದರು. ಒಬ್ಬರು ಬ್ಯಾಟನ್ನು ಬಂದೂಕು ಮಾಡಿದರು, ಇನ್ನೊಬ್ಬರು ಸೇನಾ ಕಾರ್ಯಾಚರಣೆಯನ್ನು ಪಂದ್ಯ ಮಾಡಿದರು.

ನಮ್ಮ ದೃಷ್ಟಿಯಲ್ಲಿ ಎರಡೂ ತಪ್ಪು. ಮೊದಲನೆಯದರ ಬಗ್ಗೆ ನಮ್ಮ ಮಾತು ಇನ್ನೂ ಕಟುವಾಗಿರಬೇಕು. ಏಕೆಂದರೆ ಅದನ್ನು ಮಾಡಿದವನಿಗೆ ಹದೀಸ್ ಗೊತ್ತಿರಬೇಕಾಗಿತ್ತು. ಸಹೋದರನ ಕಡೆಗೆ ಆಯುಧ ತೋರಿಸುವವನನ್ನು, ಆತ ಒಡಹುಟ್ಟಿದವನೇ ಆಗಿದ್ದರೂ, ಅದನ್ನು ಕೆಳಗಿಡುವವರೆಗೆ ಮಲಕ್‌ಗಳು ಶಪಿಸುತ್ತಾರೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಒಡಹುಟ್ಟಿದವನೇ ಆಗಿದ್ದರೂ ಎಂಬ ಮಾತನ್ನು ಗಮನಿಸಿ: ಅಣ್ಣನು ತಮ್ಮನಿಗೆ ಆಯುಧ ತೋರಿಸುವುದು ಸಾಮಾನ್ಯವಾಗಿ ತಮಾಷೆಗೆ. ತಮಾಷೆಗೂ ಬೇಡ ಎಂಬುದೇ ಅಲ್ಲಿನ ತಾತ್ಪರ್ಯ. ಮಸೀದಿಯಲ್ಲಿ, ಸಂತೆಯಲ್ಲಿ ಬಾಣ ಹಿಡಿದು ನಡೆಯುವವನು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿಕೊಳ್ಳಬೇಕೆಂದು ಕಲಿಸಿದ ಧರ್ಮ ನಮ್ಮದು. ಸಾವಿರಾರು ಜನ ಕುಳಿತಿರುವ ಕ್ರೀಡಾಂಗಣದಲ್ಲಿ, 26 ಮನೆಗಳಲ್ಲಿ ಗುಂಡಿನ ಸದ್ದು ಇನ್ನೂ ಕಿವಿಯಲ್ಲಿರುವಾಗ, ಬಂದೂಕಿನ ಅಭಿನಯ ಮಾಡಿ ಸಂಭ್ರಮ ಎನ್ನುವುದು ಯಾವ ಅದಬ್?

ಪ್ರಧಾನಿಯವರ ಮಾತಿಗೆ ನಮ್ಮ ಆಕ್ಷೇಪ ಬೇರೆ ಬಗೆಯದು. ಯುದ್ಧದಲ್ಲಿ ಸತ್ತವರು ಮರುದಿನ ಮುಂದಿನ ಪಂದ್ಯ ಆಡಲು ಬರುವುದಿಲ್ಲ. ಮೇ ತಿಂಗಳ ಆ ನಾಲ್ಕು ದಿನಗಳಲ್ಲಿ ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತ ನಾಗರಿಕರಲ್ಲಿ ಮುಸ್ಲಿಮರಿದ್ದರು, ಸಿಖ್ಖರಿದ್ದರು, ಹಿಂದೂಗಳಿದ್ದರು, ಮಕ್ಕಳಿದ್ದರು. ಅವರ ಮನೆಯವರಿಗೆ ಅದನ್ನು ‘ಫಲಿತಾಂಶ’ ಎಂಬ ಪದದಲ್ಲಿ ಹೇಳಲಾದೀತೇ?

ಇಷ್ಟಕ್ಕೆಲ್ಲ ಪದಗಳ ಮೇಲೆ ಹರಿಹಾಯುವುದೇಕೆ, ಅದು ಕೇವಲ ಅಲಂಕಾರ, ರೂಪಕ ಎನ್ನುವವರು ಇದ್ದಾರೆ. ಕನ್ನಡ ಪದವಿಯ ತರಗತಿಯಲ್ಲಿ ರೂಪಕಾಲಂಕಾರವನ್ನು ನಾವೂ ಓದಿದ್ದೇವೆ. ಉಪಮಾನ ಉಪಮೇಯಗಳಿಗೆ ಅಭೇದವನ್ನು ಹೇಳುವುದು ರೂಪಕ. ಭೇದ ಇಲ್ಲವೆನ್ನುವುದೇ ಅದರ ಶಕ್ತಿ, ಅಪಾಯವೂ ಅಲ್ಲಿಯೇ. ಕಬಡ್ಡಿಯಲ್ಲಿ ‘ದಾಳಿ’, ಬೌಲರುಗಳ ‘ದಾಳಿ’, ಫುಟ್ಬಾಲಿನ ‘ರಕ್ಷಣೆ’ ಇವುಗಳನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ, ಹಾಗೆ ಕೇಳುವುದು ನಗೆಪಾಟಲು. ಯುದ್ಧದಿಂದ ಆಟಕ್ಕೆ ಬಂದ ಪದ ಅಲ್ಲಿ ಪಳಗುತ್ತದೆ, ಹಲ್ಲು ಕಳೆದುಕೊಳ್ಳುತ್ತದೆ. ನಾವು ಹೆದರುವುದು ಹಲ್ಲಿಲ್ಲದಂತೆ ಕಾಣುವ ಆ ಪದ ತಿರುಗಿ ಯುದ್ಧಕ್ಕೆ ಹೋಗುವಾಗ.

1969ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ನಡುವೆ ಸುಮಾರು ನೂರು ಗಂಟೆಗಳ ಒಂದು ಯುದ್ಧ ನಡೆಯಿತು. ಜೂನ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ಇಬ್ಬರೂ ಮೂರು ಪಂದ್ಯ ಆಡಿದ್ದರು, ಜುಲೈ 14ರಂದು ಸೇನೆ ಗಡಿ ದಾಟಿತು. ಜಗತ್ತು ಅದಕ್ಕೆ ‘ಫುಟ್ಬಾಲ್ ಯುದ್ಧ’ ಎಂದು ಹೆಸರಿಟ್ಟು ನಕ್ಕು ಮರೆಯಿತು. ನಿಜವಾದ ಕಾರಣ ಭೂಮಿ. ಸ್ವಂತ ನೆಲವಿಲ್ಲದೆ ಹೊಂಡುರಾಸ್‌ಗೆ ಹೋಗಿ ಉಳುತ್ತಿದ್ದ ಲಕ್ಷಾಂತರ ಸಾಲ್ವಡಾರಿನ ಬಡ ರೈತರನ್ನು ಅಲ್ಲಿಯ ಭೂಸುಧಾರಣೆಯ ಹೆಸರಿನಲ್ಲಿ ಒಕ್ಕಲೆಬ್ಬಿಸಲಾಗುತ್ತಿತ್ತು. ಆಟದ ಹೆಸರು ಅಂಟಿಕೊಂಡದ್ದೇ ತಡ, ಆ ರೈತರು ಕಥೆಯಿಂದ ಮಾಯವಾದರು.

ಈಗ ‘ಗುರಿ’ಯ ಬುಡಕ್ಕೆ ಬರೋಣ. ಹಳಗನ್ನಡದಲ್ಲಿ ಇದು ಶಕಟರೇಫದ ‘ಗುಱಿ’. ಗುರುತು, ಕುರುಹು ಎಂಬ ಪದಗಳು ಇದರ ಒಡಹುಟ್ಟುಗಳು. ತಮಿಳಿನ ‘ಕುಱಿ’ಗೆ ಇಂದಿಗೂ ಚಿಹ್ನೆ ಎಂಬ ಅರ್ಥವೂ ಇದೆ, ಲಕ್ಷ್ಯ ಎಂಬ ಅರ್ಥವೂ ಇದೆ. ಅಂದರೆ ಮೊದಲು ಗುರುತು ಹಾಕುವುದು, ಬಳಿಕ ಗುರಿ ಇಡುವುದು. ಗುರುತಿಲ್ಲದೆ ಗುರಿ ಇಲ್ಲ. ಹಲಗೆಯ ಮೇಲೆ ವೃತ್ತ ಬರೆಯುವವರೆಗೆ ಅದು ಹಲಗೆ ಮಾತ್ರ.

ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ನಡೆಯುತ್ತದೆ. ಪಹಲ್ಗಾಮ್‌ನಲ್ಲಿ ಕೊಲೆಗಾರರು ಧರ್ಮ ಯಾವುದೆಂದು ಕೇಳಿ ಗುಂಡು ಹಾರಿಸಿದರೆಂದು ಬದುಕುಳಿದವರು ಹೇಳಿದರು. ಮೊದಲು ಗುರುತು, ಆಮೇಲೆ ಗುರಿ. ಸತ್ತವರಲ್ಲಿ ನಮ್ಮ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಅತಿಥಿಗಳನ್ನು ಉಳಿಸಲು ಹೋಗಿ ಸತ್ತ, ಕುದುರೆ ಸವಾರಿಯಿಂದ ಹೊಟ್ಟೆ ಹೊರೆಯುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಇಸ್ಲಾಮ್‌ನ ಹೆಸರು ಹೇಳಿ ಕೊಂದವರು ಪ್ರವಾದಿ(ಸ)ಯವರ ಶಾಪಕ್ಕೆ ತಮ್ಮನ್ನು ಒಡ್ಡಿಕೊಂಡವರು. ಒಂದು ಹಕ್ಕಿಯನ್ನು ಗುರಿಯಾಗಿ ನಿಲ್ಲಿಸಿದವರಿಗೇ ಶಾಪವಿರುವಾಗ, ಹೆಂಡತಿ ಮಕ್ಕಳ ಎದುರಿನಲ್ಲಿ ಮನುಷ್ಯನನ್ನು ಗುರಿಯಾಗಿ ನಿಲ್ಲಿಸಿದವರಿಗೆ ಏನಿರಬಹುದು ಎಂದು ಅರಬೀ ಓದದವರೂ ಊಹಿಸಬಲ್ಲರು.

2019ರ ಮಾರ್ಚ್ 15ರ ಶುಕ್ರವಾರ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಲ್ಲಿ ಗುರುತಿಸಲ್ಪಟ್ಟವರು ನಮ್ಮವರು. 51 ಮಂದಿ ಪ್ರಾಣ ಕಳೆದುಕೊಂಡರು. ಕೊಲೆಗಾರನು ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಅದನ್ನು ನೇರ ಪ್ರಸಾರ ಮಾಡಿದ, ಮೊಬೈಲಿನಲ್ಲಿ ಮಕ್ಕಳು ಆಡುವ ಗುಂಡಿನ ಆಟದ ಪರದೆಯ ಹಾಗೆಯೇ ಕಾಣುವಂತೆ. ಆ ಹೊತ್ತಿಗೆ ಬಾಂಗ್ಲಾದೇಶದ ಕ್ರಿಕೆಟ್ ತಂಡದ ಬಸ್ಸು ಜುಮುಅ ನಮಾಝಿಗೆಂದು ಅದೇ ಮಸೀದಿಯ ಬಳಿ ತಲುಪಿತ್ತು. ಕೆಲವೇ ನಿಮಿಷಗಳ ಅಂತರದಲ್ಲಿ ಆಟಗಾರರು ಉಳಿದರು; ಮರುದಿನ ಆರಂಭವಾಗಬೇಕಿದ್ದ ಟೆಸ್ಟ್ ರದ್ದಾಯಿತು. ಆಟದ ಗುರಿಯನ್ನೇ ಕಸುಬಾಗಿಸಿಕೊಂಡವರು ಇನ್ನೊಂದು ಬಗೆಯ ಗುರಿಯಾಗುವುದಕ್ಕೆ ಅಷ್ಟು ಹತ್ತಿರ ಬಂದಿದ್ದರು.

ನಾವು ಪಾಠ ಹೇಳುವ ಮದ್ರಸದಲ್ಲಿ ದೊಡ್ಡ ಮಕ್ಕಳಿಗೆ ಒಮ್ಮೆ ‘ಗುರಿ’ಯನ್ನು ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿದೆವು. ಅರ್ಧದಷ್ಟು ಮಕ್ಕಳು ಕೊಹ್ಲಿಯನ್ನು ತಂದರು. ಕೆಲವರು ಡಾಕ್ಟರ್, ಇಂಜಿನಿಯರ್ ಆಗುವ ಗುರಿ ಬರೆದರು. ಒಬ್ಬ ಹುಡುಗ ಬರೆದದ್ದು: ‘ಗಾಝಾದ ಮಕ್ಕಳು ಬಾಂಬಿಗೆ ಗುರಿಯಾದರು.’ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಆದರೆ ಕರ್ತೃ ಯಾರು ಎಂದು ಕೇಳಿದೆವು. ‘ಮಕ್ಕಳು’ ಎಂದ. ಹೌದು, ವಾಕ್ಯದಲ್ಲಿ ಮಕ್ಕಳೇ ಕರ್ತೃ! ಬಾಂಬು ಹಾಕಿದವನಿಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಟೀಕೆಗೆ ಗುರಿಯಾದರು, ರೋಗಕ್ಕೆ ಗುರಿಯಾದರು, ಹಲ್ಲೆಗೆ ಗುರಿಯಾದರು: ಕೆಲಸವೆಲ್ಲ ಆದವರದ್ದು, ಮಾಡಿದವರು ಯಾರೂ ಇಲ್ಲ. ಹುಡುಗನ ತಪ್ಪಲ್ಲ, ಅವನು ದಿನವೂ ಓದುವ ಸುದ್ದಿಯ ಭಾಷೆ ಅದು.

2014ರ ಜುಲೈ 16ರಂದು ಗಾಝಾದ ಕಡಲತೀರದಲ್ಲಿ ಆಟವಾಡುತ್ತಿದ್ದ ಒಂದೇ ಕುಟುಂಬದ ನಾಲ್ವರು ಹುಡುಗರು ಇಸ್ರೇಲ್‌ನ ದಾಳಿಯಲ್ಲಿ ಸತ್ತರು. ಅವರ ವಯಸ್ಸು 9ರಿಂದ 11. ಹತ್ತಿರದ ಹೋಟೆಲಿನಲ್ಲಿದ್ದ ವಿದೇಶಿ ಪತ್ರಕರ್ತರ ಕಣ್ಣೆದುರೇ ನಡೆದ ಘಟನೆ ಅದು. ತಮ್ಮ ಗುರಿ ಹಮಾಸ್‌ನ ಒಂದು ನೆಲೆಯಾಗಿತ್ತು ಎಂಬುದು ಸೇನೆಯ ವಿವರಣೆ. ಮರುವರ್ಷ ತನಿಖೆಯ ಕಡತ ಮುಚ್ಚಿತು. ಗುರಿ ಬೇರೆಯಾಗಿತ್ತು ಎಂದುಬಿಟ್ಟರೆ ನಾಲ್ಕು ಮಕ್ಕಳು ‘ತಪ್ಪಿದ ಬಾಣ’ಗಳ ಲೆಕ್ಕಕ್ಕೆ ಹೋಗುತ್ತಾರೆ.

2025ರ ಆಗಸ್ಟ್‌ನಲ್ಲಿ ‘ಪ್ಯಾಲೆಸ್ತೀನಿನ ಪೆಲೆ’ ಎಂದು ಹೆಸರಾಗಿದ್ದ ಸುಲೈಮಾನ್ ಅಲ್ ಉಬೈದ್ ಸತ್ತರು. ಗಾಝಾದ ದಕ್ಷಿಣದಲ್ಲಿ ಆಹಾರ ನೆರವಿಗಾಗಿ ಕಾಯುತ್ತಿದ್ದವರ ಮೇಲೆ ಇಸ್ರೇಲ್ ನಡೆಸಿದ ದಾಳಿಯಲ್ಲಿ ಅವರು ಕೊಲ್ಲಲ್ಪಟ್ಟರೆಂದು ಪ್ಯಾಲೆಸ್ತೀನ್ ಫುಟ್ಬಾಲ್ ಸಂಸ್ಥೆ ತಿಳಿಸಿತು. ಯುರೋಪಿನ ಫುಟ್ಬಾಲ್ ಒಕ್ಕೂಟ ಅವರಿಗೆ ವಿದಾಯದ ಸಂದೇಶ ಪ್ರಕಟಿಸಿತು. ಸಾವು ಹೇಗಾಯಿತೆಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಈಜಿಪ್ಟಿನ ಮುಹಮ್ಮದ್ ಸಲಾಹ್ ಅದರ ಕೆಳಗೆ ಕೇಳಿದ್ದು ಸಣ್ಣ ಪ್ರಶ್ನೆ: ಅವರು ಹೇಗೆ ಸತ್ತರು, ಎಲ್ಲಿ, ಏಕೆ ಎಂಬುದನ್ನು ಹೇಳುವಿರಾ? ಅರಬಿಯಲ್ಲಿ ಫುಟ್ಬಾಲಿನ ಗೋಲಿಗೂ ಯುದ್ಧದ ಲಕ್ಷ್ಯಕ್ಕೂ ಒಂದೇ ಪದ: ‘ಹದಫ್’. ಹೆಚ್ಚು ಗೋಲು ಹೊಡೆಯುವವನು ‘ಹದ್ದಾಫ್’. ಹದ್ದಾಫ್ ಆಗಿದ್ದವನು ಊಟಕ್ಕಾಗಿ ಕಾದು ನಿಂತಲ್ಲಿ ಹದಫ್ ಆದಾಗ, ಆಟದ ಸಂಸ್ಥೆಗೆ ಮೊದಲನೆಯ ಅರ್ಥ ಮಾತ್ರ ನೆನಪಿತ್ತು.

ಕುರೈಶರ ಹುಡುಗರ ಪ್ರಸಂಗದಲ್ಲಿ ನಮ್ಮ ಗಮನ ಮತ್ತೆ ಮತ್ತೆ ಹೋಗುವುದು ಆ ಹಕ್ಕಿಯ ಮಾಲೀಕನ ಕಡೆಗೆ. ಅವನು ಬಿಲ್ಲು ಹಿಡಿಯಲಿಲ್ಲ. ಹಕ್ಕಿಯನ್ನು ಒದಗಿಸಿದ, ತಪ್ಪಿದ ಬಾಣಗಳನ್ನು ಆಯ್ದುಕೊಂಡ. ಹುಡುಗರು ಎಷ್ಟು ಹೆಚ್ಚು ತಪ್ಪಿದರೆ, ಹಕ್ಕಿ ಎಷ್ಟು ಹೆಚ್ಚು ಹೊತ್ತು ನರಳಿದರೆ ಅವನಿಗೆ ಅಷ್ಟು ಲಾಭ. ಭಾರತ ಪಾಕಿಸ್ತಾನ ಪಂದ್ಯದ ವಾರದಲ್ಲಿ ‘ಮಹಾಸಮರ’, ‘ರಣಕಹಳೆ’, ‘ಸೇಡು’ ಎಂದು ಬೆಂಕಿಯ ಚಿತ್ರದ ಹಿಂದೆ ಸಂಗೀತ ಹಾಕಿ ಕೂಗುವ ವಾಹಿನಿಗಳು, ಗಡಿಯಲ್ಲಿ ನಿಜವಾಗಿ ಗುಂಡು ಹಾರುವಾಗ ಅದೇ ಸಂಗೀತ ಹಾಕಿ ಅಂಕಪಟ್ಟಿ ತೋರಿಸುವ ವಾಹಿನಿಗಳು ಯಾರ ವಂಶಜರು ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ. ಜಾಹೀರಾತಿನ ಬಾಣಗಳೆಲ್ಲ ಅವರ ಬತ್ತಳಿಕೆಗೆ.

ಇದರ ಬಿಸಿ ತಾಗುವುದು ನಮ್ಮ ಗಲ್ಲಿಗಳಿಗೆ. ಆ ದಿನ ಸಂಜೆ ಮುಸ್ಲಿಂ ಹುಡುಗನೊಬ್ಬ ಎದುರಾಳಿಯ ಒಳ್ಳೆಯ ಎಸೆತಕ್ಕೆ ಚಪ್ಪಾಳೆ ತಟ್ಟಿದರೂ ಅವನ ಕಡೆ ಕಣ್ಣುಗಳು ತಿರುಗುತ್ತವೆ. ಆಟ ಯುದ್ಧವಾದ ಮೇಲೆ ಚಪ್ಪಾಳೆ ದ್ರೋಹವಾಗಲೇಬೇಕಲ್ಲ! ಭಾರತ ಗೆದ್ದಾಗ ಪಟಾಕಿ ಹೊಡೆದು ತೋರಿಸು ಎಂಬ ಪರೀಕ್ಷೆಗೆ ನಮ್ಮ ಮಕ್ಕಳು ಕೂರಬೇಕಾಗಿಲ್ಲ; ಅವರು ತಮ್ಮ ದೇಶದ ತಂಡ ಗೆಲ್ಲಲಿ ಎಂದು ಬಯಸುವುದು ಯಾರ ಪರೀಕ್ಷೆಗಾಗಿಯೂ ಅಲ್ಲ, ಸಿರಾಜ್ ಚೆಂಡು ಹಿಡಿದು ಓಡುವಾಗ ಅವರ ಎದೆಯೂ ಓಡುತ್ತದೆ. ಆದರೆ ನಮ್ಮ ಯುವಕರಿಗೂ ಒಂದು ಮಾತು ಹೇಳಲೇಬೇಕು. ಹೊರಗಿನವರ ಕಿರುಕುಳಕ್ಕೆ ಉತ್ತರವೆಂದು ಆ ಬಂದೂಕಿನ ಅಭಿನಯವನ್ನು ಸ್ಟೇಟಸ್ ಹಾಕಿಕೊಂಡವರು ನಿಮ್ಮಲ್ಲಿಯೂ ಇದ್ದರೆ, ಅವರು ಇಬ್ನು ಉಮರ್(ರ) ಬಂದಾಗ ಚದುರಿ ಓಡಬೇಕಾದವರ ಸಾಲಿನಲ್ಲಿ ನಿಂತಿದ್ದಾರೆ.

ಯುದ್ಧವೇ ಬಂದಾಗ ಏನು, ಆಗಲೂ ಗುರಿ ಇಡಬಾರದೇ ಎಂದು ಕೆಲವರು ಕೇಳುವರು. ಯುದ್ಧದ ವಾಸ್ತವವನ್ನು ಇಸ್ಲಾಮ್ ನಿರಾಕರಿಸಿಲ್ಲ. ಎದುರು ನಿಂತು ಹೋರಾಡುವವನೊಡನೆ ಹೋರಾಟ ಉಂಟು. ಆದರೆ ಒಂದು ಯುದ್ಧದಲ್ಲಿ ಹೆಂಗಸೊಬ್ಬಳು ಸತ್ತು ಬಿದ್ದದ್ದು ಕಂಡಾಗ ಪ್ರವಾದಿ(ಸ) ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ನಿಷೇಧಿಸಿದರು. ಇದನ್ನು ವರದಿ ಮಾಡಿದವರೂ ಅದೇ ಇಬ್ನು ಉಮರ್(ರ). ಹಕ್ಕಿಯ ಎದುರು ನಿಂತು ಕೇಳಿದ ಪ್ರಶ್ನೆಯನ್ನೇ ಅವರು ರಣರಂಗದಿಂದಲೂ ನೆನಪಿಟ್ಟುಕೊಂಡು ಬಂದಿದ್ದರು: ಇದನ್ನು ಮಾಡಿದವರು ಯಾರು?

ಕನ್ನಡ ಪತ್ರಿಕೆಗಳ ಸುದ್ದಿಮನೆಯಲ್ಲಿ ರಾತ್ರಿ ಪಾಳಿಯಲ್ಲಿ ಶೀರ್ಷಿಕೆ ಬರೆಯುವ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟು ಮಾತ್ರ. ಸತ್ತವರು ದಾಳಿಗೆ ‘ಗುರಿಯಾದರು’ ಎಂದು ಬರೆಯುವ ಕಡೆ ಹೊಡೆದವರು ಯಾರು ಎಂಬುದನ್ನು ಬರೆಯಿರಿ, ಹೊಡೆದವರು ಯಾವ ದೇಶದವರೇ ಆಗಿರಲಿ, ಯಾವ ಧರ್ಮದವರೇ ಆಗಿರಲಿ. ಶೀರ್ಷಿಕೆಯಲ್ಲಿ ಅದಕ್ಕೆ ಸ್ಥಳ ಸಾಲದು ಎಂದಾದರೆ ಕ್ರೀಡಾಪುಟದಿಂದ ಒಂದು ‘ಮಹಾಸಮರ’ವನ್ನು ತೆಗೆಯಿರಿ, ಬೇಕಾದಷ್ಟು ಸ್ಥಳ ಸಿಗುತ್ತದೆ.